ಕ್ರೈಸ್ತ ಸಭೆಯಲ್ಲಿ ನಿಜವಾದ ಅನ್ಯೋನ್ಯತೆ ಅಂದರೆ ಏನು?

ಆರಾಧನೆ ಮುಗಿದ ಮೇಲೆ ಕೈಕುಲುಕಿ, ಚಹಾ ಕುಡಿದು ಹೊರಡುವುದನ್ನೇ ನಾವು ಅನ್ಯೋನ್ಯತೆ ಅಂದುಕೊಂಡುಬಿಟ್ಟಿದ್ದೇವೆ. ಅದು ಒಳ್ಳೆಯದೇ, ಆದರೆ ಬರೀ ಹೊಸ್ತಿಲು.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಅನ್ಯೋನ್ಯತೆಗೆ ಇರುವ ಮೂಲ ಗ್ರೀಕ್ ಪದ ‘ಕೊಯಿನೋನಿಯ’. ‘ಎಲ್ಲರಿಗೂ ಸೇರಿದ್ದು’ ಎಂಬರ್ಥದ ‘ಕೊಯಿನೋಸ್’ನಿಂದ ಬಂದದ್ದು, ಅಂದರೆ ಪಾಲುಗಾರಿಕೆ. ಜೆರುಸಲೇಮಿನ ಬಡವರಿಗಾಗಿ ಗ್ರೀಸ್ ಕಡೆಯ ಮಕೆದೋನ್ಯ ಮತ್ತು ಅಖಾಯದ ವಿಶ್ವಾಸಿಗಳು ಕೂಡಿಸಿದ ಹಣಕ್ಕೂ ಅಪೊಸ್ತಲ ಪೌಲನು ಇದೇ ಪದ ಬಳಸುತ್ತಾನೆ (ರೋಮ 15:26). ದೂರದೂರಿನವರ ಹಸಿವನ್ನೂ ತಮ್ಮದೆಂದುಕೊಂಡರಲ್ಲ, ನನ್ನ ಮನಸ್ಸಿಗೆ ತುಂಬ ನಾಟಿದ್ದು ಅದು.

ಅನ್ಯೋನ್ಯತೆ ಮುರಿದರೆ ಹೇಗಿರುತ್ತದೆ ಎಂಬುದಕ್ಕೆ ಕೊರಿಂಥದ ಸಭೆಗೆ ಪೌಲ ಬರೆದ ಮೊದಲ ಪತ್ರದ 11ನೇ ಅಧ್ಯಾಯ (1 ಕೊರಿಂಥ 11) ಓದಿ. ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಕೂಡಿದಾಗ ಪ್ರತಿಯೊಬ್ಬನೂ ತನ್ನ ಊಟ ತಾನು ಮೊದಲೇ ಮುಗಿಸುತ್ತಿದ್ದ. ಒಬ್ಬ ಹಸಿದು ಕೂತಿದ್ದರೆ ಪಕ್ಕದವನು ಕುಡಿದು ಮತ್ತನಾಗಿರುತ್ತಿದ್ದ. ಇದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಖಂಡಿಸಿದ. ಅವನು ಹೇಳಿದ ಪರಿಹಾರ ಎಷ್ಟು ಸರಳ ನೋಡಿ: ಊಟಕ್ಕೆ ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ.

ಹಣ, ಊಟದ್ದಷ್ಟೇ ಅಲ್ಲ, ಮನಸ್ಸಿನ ಪಾಲುಗಾರಿಕೆಯೂ ಇದೆ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಪ್ರಾರ್ಥಿಸಿರಿ ಎನ್ನುತ್ತದೆ ಯಾಕೋಬ 5:16. ನಿಮ್ಮ ಸಭೆಯಲ್ಲಿ ಸೋತವನೊಬ್ಬ ಹೆದರದೆ ಬಾಯಿಬಿಡಬಲ್ಲನೇ? ನಾನಾದರೆ ಮೊದಲು ಅದನ್ನೇ ನೋಡುತ್ತೇನೆ.