ಕ್ವೀನ್ ಮೇರಿಗೆ ಬೂದು ಬಣ್ಣ ಹೊಡೆಯುವ ಮುಂಚೆ ವರ್ಷ ಗೊತ್ತು ಮಾಡಿಕೊಳ್ಳಿ

ಸರ್, ನಿಮ್ಮ ಹತ್ತಿರ ರೆವೆಲ್ ಕಂಪನಿಯ 1:570 ಅಳತೆಯ (ನಿಜ ಹಡಗಿನ 570ನೇ ಒಂದು ಭಾಗ) ಕ್ವೀನ್ ಮೇರಿ ಹಡಗಿನ ಮಾಡೆಲ್ ಕಿಟ್ ಇದೆ. ಕೆಂಪು ಚಿಮಣಿಯ ಪ್ರಯಾಣಿಕರ ಹಡಗು ಬೇಡ, ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸಿದ ರೂಪ ಬೇಕು, ಪೂರ್ತಿ ಬೂದು ಬಣ್ಣ ಹೊಡೆದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಮೊದಲು ಯಾವ ವರ್ಷದ ಹಡಗು ಅಂತ ಗೊತ್ತು ಮಾಡಿಕೊಳ್ಳಿ. 1940ರ ಕ್ವೀನ್ ಮೇರಿಯೇ ಬೇರೆ, 1943ರದ್ದೇ ಬೇರೆ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ಹಡಗು ಅಟ್ಲಾಂಟಿಕ್ ಮಧ್ಯೆ ಇತ್ತು. ನ್ಯೂಯಾರ್ಕ್ ಸೇರಿ ತಿಂಗಳುಗಟ್ಟಲೆ ಅಲ್ಲೇ ನಿಂತಿತು. ಬೂದು ಬಣ್ಣ ಬಿದ್ದದ್ದೂ ಅಲ್ಲೇ. 1940ರ ಮಾರ್ಚ್‌ನಲ್ಲಿ ಸಿಡ್ನಿಗೆ ಹೊರಟಿತು. ಅಲ್ಲಿ ಸುಮಾರು 5,000 ಸೈನಿಕರು ಹಿಡಿಯುವ ಹಾಗೆ ಮಂಚ ಹಾಕಿದರು. ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಸೈನಿಕರನ್ನು ಹತ್ತಿಸಿಕೊಂಡು ಸ್ಕಾಟ್ಲೆಂಡಿನ ಗೂರಕ್‌ಗೆ ಹೊರಟಿತು. ಆಗ ಮೇಲೆ ತೋಪುಗಳು ಬೆರಳೆಣಿಕೆಯಷ್ಟೇ. ಕಿಟ್‌ಗೆ ಹೆಚ್ಚು ಕೈ ಹಾಕದೆ ಮಾಡಬೇಕು ಅನ್ನೋದಾದರೆ ಈ ರೂಪ ಸುಲಭ.

ಆದರೆ ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ 1943ರ ಜುಲೈ ಆರಿಸುತ್ತಿದ್ದೆ. ಆ ತಿಂಗಳು 25ಕ್ಕೆ ನ್ಯೂಯಾರ್ಕ್ ಬಿಟ್ಟು 30ಕ್ಕೆ ಗೂರಕ್ ಸೇರಿದಾಗ ಹಡಗಿನಲ್ಲಿ ಸಿಬ್ಬಂದಿ ಸೇರಿ 16,683 ಜನ ಇದ್ದರು. ಒಂದೇ ಹಡಗಿನಲ್ಲಿ ಅಷ್ಟು ಜನ ಅದಕ್ಕೂ ಮುಂಚೆ ಹೋಗಿರಲಿಲ್ಲ, ಆಮೇಲೂ ಹೋಗಿಲ್ಲ. ಶಾಂತಿಕಾಲದಲ್ಲಿ ಸುಮಾರು 2,000 ಪ್ರಯಾಣಿಕರಿಗೆ ಅಂತ ಕಟ್ಟಿದ ಹಡಗು ಅದು! ಒಂದರ ಮೇಲೊಂದರಂತೆ ಕ್ಯಾನ್ವಾಸ್ ಮಂಚ, ನೀರು ಖಾಲಿ ಮಾಡಿದ ಈಜುಕೊಳದೊಳಗೂ ಮಂಚ. ಒಂದೇ ಮಂಚದಲ್ಲಿ ಸರದಿ ಮೇಲೆ ಮಲಗುತ್ತಿದ್ದರು. ದಿನಕ್ಕೆ ಎರಡೇ ಊಟ. ಯಾರು ಯಾವ ಭಾಗದಲ್ಲಿ ಇರಬೇಕು ಅಂತ ಕೆಂಪು, ಬಿಳಿ, ನೀಲಿ ಬಿಲ್ಲೆ ಕೊಟ್ಟಿದ್ದರು. ಆ ಭಾಗ ಬಿಟ್ಟು ಓಡಾಡುವಂತಿಲ್ಲ. ಬೇಸಿಗೆಯಲ್ಲಿ ಡೆಕ್ ಮೇಲೂ ಜನ ಮಲಗಬಹುದಿತ್ತು. ಚಳಿಗಾಲದಲ್ಲಿ ಅದಾಗುತ್ತಿರಲಿಲ್ಲ, ಹಾಗಾಗಿ ಜನ ಕಡಿಮೆ. ಅಂದರೆ ನೀವು ಡಿಸೆಂಬರ್ ಹಡಗು ಮಾಡಿ ಡೆಕ್ ತುಂಬಾ ಜನ ನಿಲ್ಲಿಸಿದರೆ ಅದು ಸರಿಹೋಗಲ್ಲ.

ಈಗ ಕೆಲಸದ ವಿಷಯ. ಪೇಂಟ್‌ಗೆ ಮುಂಚೆ ಹಲ್ (ಹಡಗಿನ ಹೊರಮೈ) ಸುತ್ತ, ಮೇಲಿನ ಡೆಕ್ ಅಂಚಿನ ಕೆಳಗೆ ಒಂದು ಕೇಬಲ್ ಓಡಬೇಕು. ಅಯಸ್ಕಾಂತದ ಮೈನ್‌ಗಳಿಂದ (ನೀರಿನಲ್ಲಿ ಬಿಟ್ಟ ಸ್ಫೋಟಕಗಳಿಂದ) ಕಾಪಾಡಲು ಅದರಲ್ಲಿ ಕರೆಂಟ್ ಹರಿಸುತ್ತಿದ್ದರು. ಕಿಟ್‌ನಲ್ಲಿ ಅದು ಇಲ್ಲ. ಹೊಲಿಗೆ ದಾರಕ್ಕೆ ತೆಳು ಮಾಡಿದ ಬಿಳಿ ಅಂಟು ಸವರಿ ನಾರು ಕೂರಿಸಿ, ಒಣಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಅಂಟಿಸಿ. ಒಂದೇ ಸಲ ಪೂರ್ತಿ ಸುತ್ತಲು ಹೋದರೆ ಜೋತು ಬೀಳುತ್ತೆ.

1942ರ ಆರಂಭದಲ್ಲಿ ಬೋಸ್ಟನ್‌ನಲ್ಲಿ ರಿಪೇರಿಗೆ ನಿಂತಾಗ ತೋಪುಗಳು ಜಾಸ್ತಿ ಆದವು. 20 ಮಿ.ಮೀ. ಮತ್ತು 40 ಮಿ.ಮೀ. ವಿಮಾನ ನಿರೋಧಕ ತೋಪುಗಳ ನಳಿಕೆ ಈ ಅಳತೆಯಲ್ಲಿ ಅಬ್ಬಬ್ಬಾ ಅಂದರೆ 4 ಮಿ.ಮೀ. ಉದ್ದ. ಸ್ಪ್ರೂ (ಕಿಟ್‌ನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿ) ಬಿಸಿ ಮಾಡಿ ಎಳೆದ ಎಳೆ ಸಾಕು. ಸುತ್ತಲಿನ ದುಂಡು ಕವಚಕ್ಕೆ ಜ್ಯೂಸ್ ಸ್ಟ್ರಾ ತೆಳುವಾಗಿ ಕತ್ತರಿಸಿ. ಎಲ್ಲಿ ಎಷ್ಟು ಅನ್ನೋದನ್ನು ಫೋಟೋ ನೋಡಿಯೇ ಇಡಿ. 1945ರ ಜೂನ್ 20ರಂದು ಸೈನಿಕರನ್ನು ಹೊತ್ತು ನ್ಯೂಯಾರ್ಕ್‌ಗೆ ಮರಳಿದಾಗ ತೆಗೆದ ಚಿತ್ರಗಳು ಇದಕ್ಕೆ ಒಳ್ಳೆಯ ಆಧಾರ. ಕಿಟಕಿ ತೂತುಗಳಿಗೆ ಹೊಳೆಯುವ ಕಪ್ಪು ಬೇಡ. ಬೆಳಕು ಹೊರಗೆ ಕಾಣದಂತೆ ಮುಚ್ಚಿದ್ದರು, ಹಾಗಾಗಿ ಹಲ್‌ಗಿಂತ ಸ್ವಲ್ಪ ಗಾಢ ಬೂದು ಸಾಕು. ಲೈಫ್‌ಬೋಟ್‌ಗಳಿಗೂ ಬೂದು. ಮಂಗಳೂರಿನಲ್ಲಿ ಈಗ ಮಳೆ ಅಂದಿರಿ. ಒಂದು ಬಿಸಿಲಿನ ದಿನಕ್ಕೆ ಕಾಯಿರಿ, ಇಲ್ಲದಿದ್ದರೆ ಸ್ಪ್ರೇ ಬೆಳ್ಳಗೆ ಮಂಕಾಗುತ್ತೆ.

ಮಾಡೆಲ್ ಕೆಳಗೆ ಸಮುದ್ರದಂಥ ಬೇಸ್ ಮಾಡುವವರು ಸುತ್ತ ನಾಲ್ಕು ಯುದ್ಧನೌಕೆ ಇಡುತ್ತಾರೆ. ಆದರೆ ಅಟ್ಲಾಂಟಿಕ್ ಮಧ್ಯೆ ಈ ಹಡಗು ಹೆಚ್ಚಾಗಿ ಒಂಟಿಯಾಗಿಯೇ ಓಡುತ್ತಿತ್ತು. ವೇಗ 28 ನಾಟ್, ಅಂದರೆ ಗಂಟೆಗೆ 50 ಕಿ.ಮೀ.ಗೂ ಮೇಲೆ. ಜರ್ಮನ್ ಸಬ್‌ಮರೀನ್ ನೀರಿನ ಮೇಲೆ ಬಂದರೂ 18 ನಾಟ್ ದಾಟುವುದು ಕಷ್ಟ. ವೇಗವೇ ಅದರ ಕಾವಲು. ದಡ ಹತ್ತಿರ ಬಂದಾಗ ಮಾತ್ರ ಬೆಂಗಾವಲು.

ಆ ಬೆಂಗಾವಲಿನಲ್ಲೇ ಒಂದು ದುರಂತವೂ ಆಯಿತು. 1942ರ ಅಕ್ಟೋಬರ್ 2ರಂದು ಐರ್ಲೆಂಡಿನ ಉತ್ತರಕ್ಕೆ, ಕ್ವೀನ್ ಮೇರಿ ಅಂಕುಡೊಂಕಾಗಿ ಸಾಗುತ್ತಿದ್ದಾಗ ಕಾವಲಿಗಿದ್ದ ಕ್ಯುರಸೋವಾ ಅನ್ನುವ ಬ್ರಿಟಿಷ್ ಕ್ರೂಸರ್ ಯುದ್ಧನೌಕೆಗೆ ಗುದ್ದಿ ಅದನ್ನು ಎರಡು ತುಂಡು ಮಾಡಿತು. 330ಕ್ಕೂ ಹೆಚ್ಚು ನಾವಿಕರು ಸತ್ತರು. ಸಬ್‌ಮರೀನ್ ಭಯಕ್ಕೆ ನಿಲ್ಲಬಾರದು ಅಂತ ಆದೇಶ ಇತ್ತು, ಸಾವಿರಾರು ಸೈನಿಕರಿದ್ದ ಹಡಗು ನಿಲ್ಲದೆ ಮುಂದೆ ಹೋಯಿತು. ಸುಮಾರು ನೂರು ಜನರನ್ನು ಹಿಂದಿದ್ದ ಡಿಸ್ಟ್ರಾಯರ್ ಯುದ್ಧನೌಕೆಗಳು ಎತ್ತಿಕೊಂಡವು. ಯುದ್ಧ ಮುಗಿಯುವವರೆಗೆ ಸುದ್ದಿ ಹೊರಗೆ ಬಿಡಲಿಲ್ಲ. ನಜ್ಜುಗುಜ್ಜಾದ ಮೂತಿಯ ಮಾಡೆಲ್ ನೋಡಲು ಚೆನ್ನಾಗಿರುತ್ತೆ ಅಂತ ಕೆಲವರಿಗೆ ಅನ್ನಿಸಬಹುದು. ಮಾಡುವುದಾದರೆ ಮಾಡಿ, ಆದರೆ ಕ್ಯುರಸೋವಾ ಹೆಸರು, ಆ ತಾರೀಖು ಬೇಸ್ ಮೇಲೆ ಬರೆಯಲೇಬೇಕು.

ಹಲ್ ಜೋಡಿಸಿ ಕೇಬಲ್ ಅಂಟಿಸಿದ ಮೇಲೆ ಪ್ರೈಮರ್‌ಗೆ ಮುಂಚೆ ಎರಡು ಪಕ್ಕದ ಫೋಟೋ ಇಲ್ಲಿ ಹಾಕಿ. ಎತ್ತರ ಸರಿ ಇದೆಯಾ ನೋಡಿ ಹೇಳುತ್ತೇನೆ.