ಹೆಸರಿರುವ ಪತ್ರವೋ, ಸಂಬಳವಿರುವ ಪತ್ರವೋ?

ಪ್ರಶ್ನೆ: ನನಗೆ 26 ವರ್ಷ. ಊರು ಸಾಗರದ ಹತ್ತಿರ. ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿ ಬೆಂಗಳೂರಿನ ನೀರು ಶುದ್ಧೀಕರಣದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಅಂತರ್ಜಲದ ಫ್ಲೋರೈಡ್ ಬಗ್ಗೆ ಪಿಎಚ್.ಡಿ. ಮಾಡಬೇಕೆಂದು ಡಿಸೆಂಬರ್‌ನಲ್ಲಿ ಅಮೆರಿಕದ ಏಳು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದೆ. ನಾಲ್ಕು ಕಡೆ ಆಗಲೇ ಇಲ್ಲ ಅಂದಿದ್ದಾರೆ. ಇಲ್ಲಿ ಯಾರೂ ಹೆಸರು ಕೇಳಿರದ, ಷಿಕಾಗೊ ಕಡೆಯ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯ ಶುಲ್ಕ ಮನ್ನಾ ಮಾಡಿ, ಟೀಚಿಂಗ್ ಅಸಿಸ್ಟೆಂಟ್ ಕೆಲಸ ಕೊಟ್ಟು, ವರ್ಷದ ಒಂಬತ್ತು ತಿಂಗಳಿಗೆ 24,000 ಡಾಲರ್‌ನಂತೆ ಐದು ವರ್ಷ ಕೊಡುತ್ತೇವೆ ಅಂದಿದೆ. ಮಾರ್ಚ್ 31ರೊಳಗೆ ಉತ್ತರ ಬೇಕಂತೆ. ಎಲ್ಲರಿಗೂ ಗೊತ್ತಿರುವ ಒಂದು ದೊಡ್ಡ ಖಾಸಗಿ ವಿಶ್ವವಿದ್ಯಾಲಯ ಪ್ರವೇಶ ಕೊಟ್ಟಿದೆ, ಹಣ ಕೊಟ್ಟಿಲ್ಲ. ‘ಮುಂದೆ ಸಿಗಬಹುದು’ ಎಂದು ಬರೆದಿದ್ದಾರೆ. ಮೊದಲ ವರ್ಷಕ್ಕೇ 70 ಲಕ್ಷ ರೂಪಾಯಿ ಹತ್ತಿರ ಬೇಕು. ಅಪ್ಪ ತೋಟದ ಒಂದು ಭಾಗ ಮಾರಿಯಾದರೂ ಕಳಿಸುತ್ತೇನೆ ಅನ್ನುತ್ತಾರೆ. ತೋಟಕ್ಕೆ ಎಲೆಚುಕ್ಕೆ ರೋಗ ಬೇರೆ ಬಂದಿದೆ. ನಾನು ನಿಜವಾಗಿ ಆಸೆಪಟ್ಟಿದ್ದ ಮೂರನೆಯ ಕಡೆಯವರು ಜನವರಿಯಲ್ಲಿ ಸಂದರ್ಶನ ಮಾಡಿದವರು ಮತ್ತೆ ಮಾತಾಡಿಲ್ಲ. ಐಐಎಸ್‌ಸಿಯಿಂದಲೂ ಸಂದರ್ಶನಕ್ಕೆ ಕರೆ ಬಂದಿದೆ. ರಾತ್ರಿ ಎರಡು ಗಂಟೆಗೂ ಎದ್ದು ಮೇಲ್ ನೋಡುವ ಹಾಗಾಗಿದೆ. ಏನು ಮಾಡಲಿ?

ಉತ್ತರ: ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕೆ ಒಂದೇ ಒಂದು ಮೇಲ್ ಬರೆಯಿರಿ. ‘ಹಣಕಾಸಿನ ನೆರವಿಲ್ಲದೆ ಬರಲಾರೆ, ಈ ವರ್ಷ ಅದಕ್ಕೆ ದಾರಿ ಇದೆಯೇ?’ ಎಂದಷ್ಟೇ. ವಾರದೊಳಗೆ ಲಿಖಿತವಾಗಿ ‘ಇದೆ’ ಎಂದು ಬರದಿದ್ದರೆ ಆ ಪತ್ರವನ್ನು ಮರೆತುಬಿಡಿ. ತೋಟ ಮಾರುವ ಮಾತು ಮನೆಯಲ್ಲಿ ಇನ್ನೊಮ್ಮೆ ಬರುವುದೇ ಬೇಡ.

ಕಟುವಾಗಿ ಹೇಳುತ್ತಿದ್ದೇನೆ ಅನ್ನಿಸಬಹುದು. ನಿಮ್ಮ ಕ್ಷೇತ್ರದಲ್ಲಿ ಅಮೆರಿಕದ ಪಿಎಚ್.ಡಿ. ನಡೆಯುವ ರೀತಿ ನೋಡಿ. ಸಾಮಾನ್ಯವಾಗಿ ಅಲ್ಲಿ ವಿದ್ಯಾರ್ಥಿ ಹಣ ಕಟ್ಟಿ ಓದುವುದಿಲ್ಲ. ಗೈಡ್ ತನ್ನ ಅನುದಾನದಿಂದ ರಿಸರ್ಚ್ ಅಸಿಸ್ಟೆಂಟ್ ಎಂದು ಸಂಬಳ ಕೊಡುತ್ತಾರೆ, ಇಲ್ಲವೇ ವಿಭಾಗವೇ ಪಾಠದ ಕೆಲಸ ಕೊಡುತ್ತದೆ. ಪ್ರವೇಶ ಕೊಟ್ಟು ಹಣ ಕೊಡದಿದ್ದರೆ, ನಿಮ್ಮನ್ನು ನನ್ನ ಲ್ಯಾಬಿಗೆ ಬೇಕು ಎಂದು ಅಲ್ಲಿ ಇನ್ನೂ ಯಾರೂ ಪಟ್ಟುಹಿಡಿದಿಲ್ಲ ಎಂದು ತಿಳಿಯುವುದೇ ಕ್ಷೇಮ. ‘ಮುಂದೆ ಸಿಗಬಹುದು’ ಎಂಬುದು ಸುಳ್ಳಲ್ಲ, ಕೆಲವರಿಗೆ ಸಿಕ್ಕಿದ್ದೂ ಉಂಟು. ಆದರೆ ಆ ಮಾತಿನ ಕೆಳಗೆ ಯಾರ ಸಹಿಯೂ ಇಲ್ಲ. ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುವ ಮುಂಚೆ ಅದೇ ವಿಶ್ವವಿದ್ಯಾಲಯ ಮೊದಲ ವರ್ಷದ ಪೂರ್ತಿ ಹಣ ನಿಮ್ಮ ಹತ್ತಿರ ಇದೆ ಎಂಬುದಕ್ಕೆ ದಾಖಲೆ ಕೇಳುತ್ತದೆ. ಎರಡನೆಯ ವರ್ಷದ 70 ಲಕ್ಷಕ್ಕೆ ತೋಟದ ಯಾವ ಭಾಗ? ಇನ್ನೊಂದು ಸಂಗತಿ ಇದೆ. ಸಾಲ ಹೊತ್ತು ಹೋದವರು ಗೈಡ್ ಸರಿಯಿಲ್ಲ ಎಂದು ಗೊತ್ತಾದ ಮೇಲೂ ಬಿಟ್ಟು ಬರಲಾಗದೆ ಒದ್ದಾಡುತ್ತಾರೆ.

ನಿಮ್ಮ ಅಪ್ಪ ತೋಟದ ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ವ್ಯಾಪಾರಿಗೆ ಗುತ್ತಿಗೆ, ಕೊಡುವಾಗ ವ್ಯಾಪಾರಿಯ ಹೆಸರು ಕೇಳಿ ತಲೆದೂಗುವುದಿಲ್ಲ. ದುಡ್ಡು ಯಾವಾಗ, ಕೊಳೆರೋಗ ಬಂದರೆ ನಷ್ಟ ಯಾರದು ಎಂದು ಕೇಳುತ್ತಾರೆ. ನಿಮ್ಮ ಕೈಯಲ್ಲಿರುವ ಪತ್ರಗಳನ್ನೂ ಹಾಗೆಯೇ ಓದಬೇಕು.

ಹಾಗೆ ಓದಿದರೆ ಸಣ್ಣ ಊರಿನ ಪತ್ರ ನೀವು ಅಂದುಕೊಂಡಿರುವುದಕ್ಕಿಂತ ಗಟ್ಟಿಯಾಗಿದೆ. ಟೀಚಿಂಗ್ ಅಸಿಸ್ಟೆಂಟ್ ಸಂಬಳ ಹೆಚ್ಚಾಗಿ ಬರುವುದು ವಿಭಾಗದ ಪಾಠದ ಬಜೆಟ್ಟಿನಿಂದ. ಗೈಡ್‌ನ ಅನುದಾನ ನಿಂತರೂ ಅದು ಒಮ್ಮೆಲೇ ನಿಲ್ಲುವುದಿಲ್ಲ. 2025ರ ಆರಂಭದಲ್ಲಿ ಅಮೆರಿಕದ ಸರ್ಕಾರ ಸಂಶೋಧನೆಯ ಹಣಕ್ಕೆ ಕತ್ತರಿ ಹಾಕಲು ಹೊರಟಾಗ ಮ್ಯಾಸಚೂಸೆಟ್ಸ್‌ನ ಚಾನ್ ವೈದ್ಯಕೀಯ ಶಾಲೆ ಪಿಎಚ್.ಡಿ.ಗೆ ಕೊಟ್ಟಿದ್ದ ಪ್ರವೇಶಗಳನ್ನೇ ವಾಪಸ್ ಪಡೆಯಿತು. ಆಮೇಲೆ ಅನುದಾನವನ್ನೇ ನೆಚ್ಚಿಕೊಂಡ ಭರವಸೆಗಳನ್ನು ಎರಡೆರಡು ಸಲ ಓದುವುದು ಎಲ್ಲರಿಗೂ ಅಭ್ಯಾಸವಾಗಿದೆ.

ಹಾಗೆಂದು ಆ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. 24,000 ಡಾಲರ್ ಒಂಬತ್ತು ತಿಂಗಳಿಗೆ, ಬಾಡಿಗೆ ಮಾತ್ರ ಹನ್ನೆರಡು ತಿಂಗಳಿಗೂ. ಬೇಸಿಗೆಯ ಮೂರು ತಿಂಗಳು ಯಾರು ಕೊಡುತ್ತಾರೆ? ಹಿಂದಿನ ಬೇಸಿಗೆಯಲ್ಲಿ ಎಷ್ಟು ಮಂದಿಗೆ ಸಿಕ್ಕಿತ್ತು? ಶುಲ್ಕ ಮನ್ನಾ ಅಂದರೆ ಬೋಧನಾ ಶುಲ್ಕ ಮಾತ್ರವೋ, ಇತರ ಶುಲ್ಕಗಳೂ ಸೇರಿವೆಯೋ? ಎಷ್ಟೋ ಕಡೆ ಸೆಮಿಸ್ಟರ್‌ಗೆ ನೂರಾರು ಡಾಲರ್ ಹೀಗೆ ಬೇರೆಯಾಗಿ ಕಟ್ಟಬೇಕಾಗುತ್ತದೆ, ಅದು ಗೊತ್ತಾಗುವುದು ಹೋದ ಮೇಲೆ. ಆರೋಗ್ಯ ವಿಮೆ ಯಾರ ಲೆಕ್ಕಕ್ಕೆ? ‘ಪ್ರಗತಿ ತೃಪ್ತಿಕರವಾಗಿದ್ದರೆ ಐದು ವರ್ಷ’ ಎಂಬ ಮಾತು ಅಂಥ ಪತ್ರಗಳಲ್ಲಿ ಇದ್ದೇ ಇರುತ್ತದೆ. ತೃಪ್ತಿ ಯಾರದು, ಯಾವ ಅಂಕ, ಯಾವ ಪರೀಕ್ಷೆ ಎಂದು ಕೇಳಿ. ಎಲ್ಲವನ್ನೂ ಮೇಲ್‌ನಲ್ಲೇ ಕೇಳಿ, ಉತ್ತರವೂ ಮೇಲ್‌ನಲ್ಲೇ ಬರಲಿ. ಇಷ್ಟು ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ನಮ್ಮ ಕಡೆಯ ಮಕ್ಕಳಿಗೆ ಜಾಸ್ತಿ, ಹೆಣ್ಣುಮಕ್ಕಳಿಗೆ ಇನ್ನೂ ಜಾಸ್ತಿ. ಅಲ್ಲಿನ ವಿಭಾಗಗಳಿಗೆ ಇದು ದಿನನಿತ್ಯದ ಮಾತು.

ಆ ಗೈಡ್‌ನ ಈಗಿನ ವಿದ್ಯಾರ್ಥಿಗಳಲ್ಲಿ ಇಬ್ಬರ ಜೊತೆಗಾದರೂ ಫೋನಿನಲ್ಲಿ ಮಾತಾಡಿ. ಅವರು ಮೇಲ್‌ನಲ್ಲಿ ಬರೆಯದ್ದನ್ನು ಫೋನಿನಲ್ಲಿ ಹೇಳುತ್ತಾರೆ. ಪಿಎಚ್.ಡಿ.ಗೆ ಎಷ್ಟು ವರ್ಷ ಹಿಡಿಯುತ್ತಿದೆ, ನಡುವೆ ಬಿಟ್ಟು ಹೋದವರು ಯಾಕೆ ಹೋದರು, ಪಾಠದ ಕೆಲಸ ನಿಜವಾಗಿ ವಾರಕ್ಕೆ ಎಷ್ಟು ಗಂಟೆ ತಿನ್ನುತ್ತದೆ ಎಂದು ಕೇಳಿ. ನಿಮ್ಮ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಐದು ವರ್ಷವೂ ಆ 20 ಗಂಟೆ ಪಾಠಕ್ಕೇ ಹೋದರೆ ಫ್ಲೋರೈಡಿಗೆ ಉಳಿಯುವುದೆಷ್ಟು ಎಂಬುದು ನಿಮ್ಮ ಮುಖ್ಯ ಚಿಂತೆಯಾಗಬೇಕು. ಊರಿನ ಹೆಸರು ಮದುವೆಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದಲ್ಲ. ಹೆಸರಿಗೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಮುಂದೆ ಅಲ್ಲೇ ಪ್ರೊಫೆಸರ್ ಆಗಬೇಕೆಂದರೆ ವಿಶ್ವವಿದ್ಯಾಲಯದ ಹೆಸರೂ ನಡೆಯುತ್ತದೆ. ಆದರೆ ಅದಕ್ಕೆ ವರ್ಷಕ್ಕೆ 70 ಲಕ್ಷ ಕೊಡಬಾರದು.

ಇನ್ನು ಮಾರ್ಚ್ 31ರ ಗಡುವು. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ಒಕ್ಕೂಟದ ಒಂದು ನಿರ್ಣಯವಿದೆ. ಅದಕ್ಕೆ ಸಹಿ ಹಾಕಿರುವ ವಿಶ್ವವಿದ್ಯಾಲಯಗಳು ಹಣಕಾಸಿನ ನೆರವಿನ ಪತ್ರಕ್ಕೆ ಏಪ್ರಿಲ್ 15ಕ್ಕೂ ಮುಂಚೆ ಉತ್ತರ ಕೊಡಲೇಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಸಹಿ ಹಾಕಿದವರ ಪಟ್ಟಿ ಒಕ್ಕೂಟದ ಜಾಲತಾಣದಲ್ಲೇ ಇದೆ. ಇಂದೇ ನೋಡಿ. ನಿಮ್ಮ ವಿಶ್ವವಿದ್ಯಾಲಯ ಅದರಲ್ಲಿದ್ದರೆ, ‘ನಿಮ್ಮ ಪತ್ರಕ್ಕೆ ಕೃತಜ್ಞತೆ, ಏಪ್ರಿಲ್ 15ರೊಳಗೆ ತಿಳಿಸುತ್ತೇನೆ’ ಎಂದು ವಿನಯವಾಗಿ ಬರೆದರೆ ಸಾಕು. ಪಟ್ಟಿಯಲ್ಲಿ ಇಲ್ಲದಿದ್ದರೆ ಸಮಯ ಕೇಳಿ ನೋಡಿ. ಕೊಡದಿದ್ದರೆ, ಮೇಲಿನ ಪ್ರಶ್ನೆಗಳಿಗೆಲ್ಲ ಒಪ್ಪುವ ಉತ್ತರ ಬಂದಿದ್ದರೆ, 31ಕ್ಕೇ ಒಪ್ಪಿಕೊಳ್ಳಿ.

ಸುಮ್ಮನಿರುವ ಆ ಮೂರನೆಯ ಕಡೆಗೂ ಈಗಲೇ ಬರೆಯಬೇಕು, ಸಂದರ್ಶನ ಮಾಡಿದ ಪ್ರೊಫೆಸರ್‌ಗೇ. ನನ್ನ ಕೈಯಲ್ಲಿ ಐದು ವರ್ಷದ ನೆರವಿನ ಪತ್ರವೊಂದಿದೆ, ಆದರೂ ನನ್ನ ಮೊದಲ ಆಯ್ಕೆ ನೀವೇ, ನನ್ನ ಅರ್ಜಿ ಎಲ್ಲಿಗೆ ಬಂದಿದೆ ತಿಳಿಸುವಿರಾ? ನಾಲ್ಕು ಸಾಲು ಸಾಕು. ಮಾರ್ಚ್‌ನ ಮೌನ ಅನೇಕ ಸಲ ನಿರಾಕರಣೆಯಲ್ಲ. ಮೊದಲ ಸುತ್ತಿನಲ್ಲಿ ಕರೆದವರು ನಿಮ್ಮ ಹಾಗೆಯೇ ಎರಡು ಮೂರು ಪತ್ರ ಹಿಡಿದು ಕೂತಿರುತ್ತಾರೆ. ಅವರು ಬಿಟ್ಟಾಗ ಏಪ್ರಿಲ್ ಎರಡನೇ ವಾರದಲ್ಲಿ ಕಾಯುತ್ತಿರುವವರ ಪಟ್ಟಿ ಅಲುಗಾಡುತ್ತದೆ. 14ರ ರಾತ್ರಿಯವರೆಗೂ ಅಲ್ಲಿಂದ ಮಾತಿಲ್ಲದಿದ್ದರೆ ಸಣ್ಣ ಊರಿಗೆ ‘ಬರುತ್ತೇನೆ’ ಎಂದು ಬರೆದು ಮಲಗಿ.

ಮಲಗುವ ಮಾತು ಬಂತಲ್ಲ. ಷಿಕಾಗೊ ಕಡೆಯ ಕಚೇರಿ ಬೆಳಿಗ್ಗೆ ಎಂಟಕ್ಕೆ ತೆರೆದಾಗ ನಮಗೆ ಸಂಜೆ ಆರೂವರೆ, ಅಲ್ಲಿ ಐದಕ್ಕೆ ಮುಚ್ಚಿದಾಗ ಇಲ್ಲಿ ನಸುಕಿನ ಮೂರೂವರೆ. ರಾತ್ರಿ ಎರಡಕ್ಕೆ ಬಂದ ಮೇಲ್‌ಗೆ ಎರಡಕ್ಕೇ ಉತ್ತರ ಕೊಡಿ ಎಂದು ಯಾರೂ ಕಾಯುತ್ತಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಒಮ್ಮೆ ನೋಡಿದರೆ ಬಂದಿದ್ದೆಲ್ಲ ಅಲ್ಲೇ ಇರುತ್ತದೆ. ಶನಿವಾರ ಬೆಳಗಿನಿಂದ ಸೋಮವಾರ ಸಂಜೆಯವರೆಗೆ ಆ ಕಚೇರಿಗಳಿಗೆ ರಜೆ, ನಿಮಗೂ ರಜೆ. ಫೋನು ಪಕ್ಕದ ಕೋಣೆಯಲ್ಲಿರಲಿ.

ಐಐಎಸ್‌ಸಿಯನ್ನು ನೀವು ಪತ್ರದ ಕೊನೆಗೆ ತಳ್ಳಿದ್ದು ನನಗೆ ಅಷ್ಟು ಹಿಡಿಸಲಿಲ್ಲ. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಜಾಗದಲ್ಲಿ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ ಫೆಲೋಶಿಪ್ ಸಿಗುತ್ತದೆ. ಫ್ಲೋರೈಡಿನ ನೀರು ಕುಡಿಯುತ್ತಿರುವ ಪಾವಗಡ, ಕೋಲಾರದ ಹಳ್ಳಿಗಳು ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಸಿಗುತ್ತವೆ. ನಿಮ್ಮ ಆಸೆ ಇರುವುದು ಫ್ಲೋರೈಡಿನ ಮೇಲೋ, ಅಮೆರಿಕದ ಮೇಲೋ? ಎರಡನೆಯದಾದರೂ ತಪ್ಪಿಲ್ಲ, 26ರಲ್ಲಿ ದೂರ ಹೋಗಬೇಕು ಅನ್ನಿಸುವುದು ಸಹಜ. ಆದರೆ ಏಪ್ರಿಲ್ 15ಕ್ಕೂ ಮುಂಚೆ ಅದು ಯಾವುದೆಂದು ನಿಮಗೆ ಗೊತ್ತಿರಬೇಕು, ಯಾಕೆಂದರೆ ಇಲ್ಲಿಯ ಫಲಿತಾಂಶ ಆ ದಿನದ ನಂತರವೂ ಬರಬಹುದು. ಯಾವುದೇ ಆದರೂ ಸಂದರ್ಶನಕ್ಕೆ ಹೋಗಿ ಬನ್ನಿ. ಪಾಸ್‌ಪೋರ್ಟಿಗೆ ವೀಸಾ ಅಂಟುವವರೆಗೆ ಅಮೆರಿಕ ಖಾತ್ರಿಯಲ್ಲ.

ಅಪ್ಪನ ಹತ್ತಿರ ಏನೂ ಬೇಡ ಎನ್ನಬೇಡಿ, ನೊಂದುಕೊಳ್ಳುತ್ತಾರೆ. ಹೊರಡುವುದೇ ಆದರೆ ವಿದೇಶಿ ವಿದ್ಯಾರ್ಥಿಗಳ ದಾಖಲಾತಿಗೆ ಅಮೆರಿಕದ ಸರ್ಕಾರ ಪಡೆಯುವ ಸೆವಿಸ್ ಶುಲ್ಕ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್, ವಿಮಾನದ ಟಿಕೆಟ್, ಮನೆಯ ಮುಂಗಡ, ಅಲ್ಲಿ ಮೊದಲ ಸಂಬಳ ಕೈಗೆ ಬರುವವರೆಗಿನ ಊಟ, ಇಷ್ಟಕ್ಕೂ ಹಣ ಬೇಕು. ಅದರ ಲೆಕ್ಕ ಬರೆದು ಅವರ ಮುಂದಿಡಿ. ನಿಮ್ಮ ಉಳಿತಾಯ ಎಷ್ಟಿದೆ ಎಂಬುದನ್ನೂ ಅದರಲ್ಲೇ ಬರೆಯಿರಿ, ಉಳಿದದ್ದನ್ನು ಅವರಿಂದ ತೆಗೆದುಕೊಳ್ಳಿ.