ನೀವು ಕೇಳಿದಿರಿ: ಜಿನೀವಾದಲ್ಲಿ ಮಾತಾಡಿದರೆ ಮುಲುಂಡಿನಲ್ಲಿ ಏನಾಗುತ್ತೆ?

ಈ ಸಲದ ಪತ್ರಗಳಿಗೆ ಉತ್ತರಿಸುವ ಕೆಲಸ ಸಂಪಾದಕರು ನನಗೆ ಹಚ್ಚಿದ್ದಾರೆ. ಊರು ಕುಂದಾಪುರದ ಹತ್ತಿರ, ಮನೆ ಮುಂಬೈಯ ಮಾಟುಂಗದಲ್ಲಿ. ಮನೆಗೆಲಸದ ಹೆಂಗಸರ ಪರವಾಗಿ ದುಡಿಯುವ ಒಂದು ಸಂಸ್ಥೆಯಲ್ಲಿ ಅವರ ಮಾತನ್ನು ವಿಶ್ವಸಂಸ್ಥೆಯವರೆಗೆ ಮುಟ್ಟಿಸುವ ವಿಭಾಗ ನೋಡಿಕೊಳ್ಳುತ್ತೇನೆ.

ಪ್ರಶ್ನೆ: ಮಗಳು ಬ್ಯಾಂಕ್ ಕೆಲಸ ಬಿಟ್ಟು ನಿಮ್ಮಂಥ ಸಂಸ್ಥೆ ಸೇರುತ್ತೇನೆ ಅನ್ನುತ್ತಾಳೆ. ಅಂತರರಾಷ್ಟ್ರೀಯ ಅಂದ್ರೆ ವರ್ಷವಿಡೀ ವಿಮಾನದಲ್ಲೇ ಇರ್ತೀರಾ? ಸಂಬಳ ಉಂಟಾ? (ಒಬ್ಬ ತಂದೆ, ಬೊರಿವಲಿ)

ಸಂಬಳ ಉಂಟು, ಬ್ಯಾಂಕಿನಷ್ಟಿಲ್ಲ. ವಿಮಾನ ವರ್ಷಕ್ಕೆ ಒಂದೋ ಎರಡೋ ಸಲ. ಉಳಿದ ದಿನ ನಿಮ್ಮ ಹಾಗೆ ಲೋಕಲ್ ಟ್ರೈನೇ. ಕೆಲಸದ ಮುಕ್ಕಾಲು ಪಾಲು ಬರೆಯುವುದು, ಬರೆದದ್ದನ್ನು ಕತ್ತರಿಸುವುದು. ಜಿನೀವಾದಲ್ಲಿ ಕೂರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಪ್ರತಿ ದೇಶಕ್ಕೂ ನಾಲ್ಕೈದು ವರ್ಷಕ್ಕೊಮ್ಮೆ ವಿಚಾರಣೆಯ ಸರದಿ ಬರುತ್ತದೆ. ಭಾರತದ್ದು 2008, 2012, 2017, 2022ರಲ್ಲಿ ಬಂತು. ಅದಕ್ಕೆ ಒಂದು ಸಂಸ್ಥೆ ಕೊಡುವ ವರದಿ 2,815 ಪದ ದಾಟಬಾರದು. ಹಲವರು ಸೇರಿ ಕೊಟ್ಟರೆ 5,630. ನೂರಾರು ಹೆಂಗಸರ ಮಾತು ಅಷ್ಟರಲ್ಲೇ ಹಿಡಿಸಬೇಕು.

ಇನ್ನು ದುಡ್ಡಿನ ತಲೆನೋವು. ವಿದೇಶಿ ದೇಣಿಗೆಯ ಕಾನೂನಿಗೆ 2020ರ ತಿದ್ದುಪಡಿ ಬಂದ ಮೇಲೆ ಹೊರದೇಶದ ದೇಣಿಗೆ ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಗೇ ಬರಬೇಕು. ಆಡಳಿತದ ಖರ್ಚಿಗೆ ಅದರಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ. ಬ್ಯಾಂಕ್ ಲೆಕ್ಕ ಗೊತ್ತಿರುವ ಹುಡುಗಿ ಸಿಕ್ಕಿದರೆ ನಾವು ಬಿಡುವವರಲ್ಲ, ಸ್ವಲ್ಪ ಹುಷಾರಾಗಿರಿ!

ಪ್ರಶ್ನೆ: ನೀವು ಜಿನೀವಾದಲ್ಲಿ ಭಾಷಣ ಮಾಡಿದರೆ ಮುಲುಂಡಿನ ಮನೆಗೆಲಸದವಳಿಗೆ ಏನು ಸಿಕ್ಕಿತು? ಸುಮ್ನೆ ಕೆಣಕುತ್ತಿಲ್ಲ. ನನ್ನ ತಾಯಿ ಮೂವತ್ತು ವರ್ಷ ಇನ್ನೊಬ್ಬರ ಪಾತ್ರೆ ತೊಳೆದವರು. (ಓದುಗ, ಮುಲುಂಡ್, ಮುಂಬೈ)

ತಿಂಗಳ ಕೊನೆಗೆ ಕೈಗೇನಾದರೂ ಜಾಸ್ತಿ ಬಂತಾ ಅಂದರೆ, ಇಲ್ಲ. ಮನೆಗೆಲಸದವರಿಗೆ ವಾರಕ್ಕೆ ಒಂದಿಡೀ ದಿನ, 24 ಗಂಟೆ, ಬಿಡುವು ಕೊಡಬೇಕು ಅನ್ನುವ 189ನೇ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮಾಡಿತು. ಭಾರತ ಅದರ ಪರ ಮತ ಹಾಕಿತು. ಆದರೆ ಅನುಮೋದನೆಯ ಸಹಿ ಮಾತ್ರ ಆಗಿಲ್ಲ. ಮದುವೆಗೆ ಹೂಂ ಅಂದು ಮುಹೂರ್ತ ಇಡದ ಹಾಗೆ.

ಹಾಗಾದರೆ ಯಾಕೆ ಹೋಗ್ತೀರಿ ಅಂತೀರಲ್ವಾ? ಒಂದು ಲೋಟದ ಕಥೆ ಹೇಳ್ತೇನೆ.

ಕಲಬುರಗಿ ಕಡೆಯಿಂದ ಬಂದ ಒಬ್ಬ ಹೆಂಗಸು ನಮ್ಮ ಕಚೇರಿಯಲ್ಲಿ ಚಹಾ ಕುಡಿಯುತ್ತಾ ಹೇಳಿದಳು: “ನನ್ನ ಲೋಟ ಬಾಲ್ಕನಿ ಕಟ್ಟಿ ಮ್ಯಾಲ ಇಟ್ಟಾರ್ರಿ ಅಕ್ಕಾ. ಮಳಿಗಾಲದಾಗ ನಾ ಹೋಗೂದ್ರಾಗ ಅದರ ತುಂಬ ನೀರು.” ಪ್ರತಿದಿನ ಮಳೆನೀರು ಚೆಲ್ಲಿ, ತೊಳೆದು, ಅದರಲ್ಲೇ ಚಹಾ. ನಮ್ಮ ಹುಡುಗ ಅದನ್ನು ವರದಿಗೆ ಇಳಿಸಿದ: ‘ಪಾತ್ರೆಗಳ ಬಳಕೆಯಲ್ಲಿ ತಾರತಮ್ಯ’. ತಪ್ಪೇನಿಲ್ಲ. ಆದರೆ ಲೋಟ ಹೋಯಿತು, ಮಳೆಯೂ ಹೋಯಿತು. ನಾನು ಬೇರೆ ಒಂದು ಪ್ಯಾರಾ ಕತ್ತರಿಸಿ ಲೋಟಕ್ಕೆ ಜಾಗ ಮಾಡಿದೆ.

ಜಿನೀವಾದಲ್ಲಿ ಆ ಮಂಡಳಿಯ ಸಭಾಂಗಣದ ಚಾವಣಿಯಿಂದ ಗುಹೆಯ ಹಾಗೆ ಬಣ್ಣಬಣ್ಣದ ಕೊಂಬುಗಳು ಇಳಿಬಿದ್ದಿವೆ. ಸ್ಪೇನಿನ ಮಿಕೆಲ್ ಬಾರ್ಸೆಲೋ ಮಾಡಿದ್ದು. ಕೆಳಗೆ ನಮಗೆ ಒಂದೂವರೆ ನಿಮಿಷ, ಆಮೇಲೆ ಮೈಕ್ ಬಂದ್. ಅಲ್ಲಿ ಮಾತಾಡಲು ವಿಶ್ವಸಂಸ್ಥೆಯ ಮಾನ್ಯತೆ ಬೇಕು. ನಮಗೆ ಅದಿಲ್ಲ, ಇದ್ದ ಸಂಸ್ಥೆಯೊಂದರ ಹೆಸರಿನಲ್ಲಿ ಮಾತಾಡಿದೆ. ಬಾಡಿಗೆ ಮೈಕು ಅನ್ನಿ. ಯಾರೂ ತಲೆ ಎತ್ತಲಿಲ್ಲ. ನಿಜವಾದ ಕೆಲಸ ಆದದ್ದು ಹೊರಗೆ, ಕಾಫಿ ಕೌಂಟರಿನ ಕ್ಯೂನಲ್ಲಿ. ಒಂದು ದೇಶದ ರಾಜತಾಂತ್ರಿಕೆ ಹಿಂದಿನಿಂದ ಕೇಳಿದಳು, “ಆ ಲೋಟ ಯಾವ ಊರಿನದು?” ನಮ್ಮ ಒಂದು ಪುಟದ ಹಾಳೆ ಅವಳ ಕೈಗಿಟ್ಟೆ.

ನಮ್ಮ ಹಾಳೆಯ ಪ್ರಶ್ನೆಯನ್ನು ಇನ್ನೊಂದು ದೇಶ ಭಾರತಕ್ಕೆ ಕೇಳಿದರೆ ಅದು ದಾಖಲೆಗೆ ಹೋಗುತ್ತದೆ. ಸಲಹೆ ಕೊಟ್ಟರೆ ಒಪ್ಪಿದೆವು ಅಥವಾ ಗಮನಿಸಿದೆವು ಅಂತ ದೆಹಲಿ ತಿಳಿಸಬೇಕಾಗುತ್ತದೆ. ಆ ಉತ್ತರದ ಪ್ರತಿ ಹಿಡಿದು ಇಲ್ಲಿ ಮಂತ್ರಾಲಯದ, ಅಂದರೆ ರಾಜ್ಯ ಸರ್ಕಾರದ ಕಚೇರಿಯ, ಮೆಟ್ಟಿಲು ಹತ್ತುತ್ತೇವೆ. ಮಹಾರಾಷ್ಟ್ರದಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗೆ 2008ರಿಂದ ಕಾನೂನಿದೆ. ‘ಅಲ್ಲಿ ಒಪ್ಪಿದಿರಲ್ಲ, ಇಲ್ಲಿ ಈ ಮಂಡಳಿಗೆ ದುಡ್ಡು ಎಲ್ಲಿ?’ ಅಂತ ಕೇಳುವುದಕ್ಕೆ ಆ ಕಾಗದ ಬೇಕು. ನಿಮ್ಮ ತಾಯಿಯ ಮೂವತ್ತು ವರ್ಷಕ್ಕೆ ಇದು ಸಾಲದು. ನನಗೂ ಗೊತ್ತು.

ಪ್ರಶ್ನೆ: ಇಂಥ ಹೇಳಿಕೆ ಬರೆದುಕೊಳ್ಳುವಾಗ ಯಾವುದಕ್ಕೆ ಹೆದರಬೇಕು? (ಪತ್ರಿಕೋದ್ಯಮ ವಿದ್ಯಾರ್ಥಿನಿ, ಪುಣೆ)

ನಮ್ಮ ಜಾಣತನಕ್ಕೆ. ಲೋಟದ ಕಥೆಯ ಇನ್ನರ್ಧ ಇಲ್ಲಿದೆ. ವರದಿಯ ಜೊತೆ ಇಲ್ಲಿಯ ಪತ್ರಿಕೆಗಳಿಗೂ ಒಂದು ಟಿಪ್ಪಣಿ ಕಳಿಸಿದೆ. ಹೆಸರು ಬದಲಿಸಿದ್ದೆ. ಆದರೆ ಓದುವವರ ಕಣ್ಣಿಗೆ ಕಟ್ಟಲಿ ಅಂತ ‘ಮೂರನೇ ಮಹಡಿಯ ಮೂಲೆ ಮನೆ, ಎದುರಿಗೆ ಶಾಲೆಯ ಮೈದಾನ’ ಅಂತ ಬರೆದೆ. ಸೊಸೈಟಿಯವರು ಓದಿದರು. ಆ ಕಟ್ಟಡದಲ್ಲಿ ಅವಳಿಗೆ ನಾಲ್ಕು ಮನೆಯ ಕೆಲಸ ಇತ್ತು. ಒಂದೇ ವಾರದಲ್ಲಿ ಮೂರು ಹೋಯಿತು.

ಅವಳು ಬಂದು ಬೈಯಲಿಲ್ಲ. “ಹೆಸರು ತಗದ್ರಿ ಅಕ್ಕಾ, ಮೈದಾನ ಯಾಕ ಬಿಟ್ರಿ?” ಅಂದಳು, ಅಷ್ಟೆ. ಎರಡು ತಿಂಗಳ ಪಗಾರ ಸಂಸ್ಥೆಯಿಂದ ಕೊಡಿಸಿದೆ. ಮನೆ ಮತ್ತೆ ಸಿಗಲಿಲ್ಲ. ಈಗ ಯಾವ ಸಾಲೂ ಹೊರಗೆ ಹೋಗುವ ಮುಂಚೆ ಹೇಳಿದವಳ ಮುಂದೆ ಅವಳದೇ ಭಾಷೆಯಲ್ಲಿ ಓದುತ್ತೇವೆ. ಇದನ್ನು ಕೇಳಿದರೆ ನಿಮ್ಮ ವಾಚ್‌ಮನ್‌ಗೆ ನೀವೇ ಅಂತ ಗೊತ್ತಾಗುತ್ತಾ ಅಂತ ಕೇಳುತ್ತೇವೆ. ಹೌದು ಅಂದರೆ ಆ ಸಾಲು ಎಷ್ಟು ಚೆಂದವಿದ್ದರೂ ಹೋಯಿತು.

ಪ್ರಶ್ನೆ: ಕೆಲಸದ ಮನೆಯಲ್ಲಿ ಬಳೆ ಕಳೆದದ್ದಕ್ಕೆ ನನ್ನ ತಂಗಿಯನ್ನು ಠಾಣೆಗೆ ಕರೆದು ಹೊಡೆದರು. ಬಳೆ ಆಮೇಲೆ ಅವರ ಕಪಾಟಿನಲ್ಲೇ ಸಿಕ್ಕಿತು. ನಮಗೆ ಜಿನೀವಾ ಬೇಡ. ಎಲ್ಲಿ ಹೋಗಬೇಕು? (ಹೆಸರು ಬೇಡ, ನವಿ ಮುಂಬೈ)

ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯದ ಚೀಟಿ ಮಾಡಿಸಿ. ಗಾಯ ಮಾಗಿದ್ದರೂ ಹೋಗಿ. ಆಮೇಲೆ ಮಾನವ ಹಕ್ಕುಗಳ ಆಯೋಗ. ಮುಂಬೈಯಲ್ಲೇ ರಾಜ್ಯ ಆಯೋಗ ಇದೆ, ದೆಹಲಿಯಲ್ಲಿ ರಾಷ್ಟ್ರೀಯ ಆಯೋಗ. ಎರಡರಲ್ಲಿ ಒಂದಕ್ಕೇ ಕೊಡಿ. ರಾಜ್ಯ ಆಯೋಗದ ಮುಂದಿರುವುದನ್ನು ದೆಹಲಿಯವರು ಮುಟ್ಟುವುದಿಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಶುಲ್ಕವಿಲ್ಲ, ವಕೀಲರು ಬೇಕೆಂದಿಲ್ಲ. ರಾಷ್ಟ್ರೀಯ ಆಯೋಗಕ್ಕೆ ಕನ್ನಡದಲ್ಲೇ ಬರೆಯಬಹುದು. ತಂಗಿ ಹೇಳಲಿ, ನೀವು ಬರೆಯಿರಿ: ತಾರೀಕು, ಎಷ್ಟು ಗಂಟೆಗೆ ಕರೆದರು, ಎಷ್ಟಕ್ಕೆ ಬಿಟ್ಟರು, ಮಹಿಳಾ ಪೊಲೀಸ್ ಇದ್ದರಾ. ಕತ್ತಲಾದ ಮೇಲೆ ಹೆಂಗಸನ್ನು ಬಂಧಿಸಬೇಕಾದರೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಹಾಗಾಗಿ ಗಂಟೆ ಮರೆಯಬೇಡಿ. ಪೋಸ್ಟಿಗೆ ಹಾಕುವ ಮುಂಚೆ ಎರಡು ಜೆರಾಕ್ಸ್ ತೆಗೆಸಿ, ಒಂದನ್ನು ಬೇರೆಯವರ ಮನೆಯಲ್ಲಿಡಿ.